ಮೋಟಾರು ಪಂದ್ಯ: ನಿಯಮವೂ ರೋಮಾಂಚವೂ

(ಬಾನುಲಿ ಭಾಷಣ)

2009ರ ಆಗಸ್ಟ್ 30ರಂದು ಬೆಲ್ಜಿಯಂ ದೇಶದ ಸ್ಪಾ ಎಂಬಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯದ ಫಲಿತಾಂಶ ಬೆಂಗಳೂರಿನ ಮೋಟಾರುಪ್ರಿಯರಿಗೆ ಹಿಗ್ಗನ್ನೂ ಕಸಿವಿಸಿಯನ್ನೂ ಒಟ್ಟೊಟ್ಟಿಗೆ ತಂದಿತು. ಈ ನಗರದ ಉದ್ಯಮಿ ವಿಜಯ ಮಲ್ಯ ಅವರು ಮುಂದಾಳಾಗಿದ್ದ ಫೋರ್ಸ್ ಇಂಡಿಯಾ ತಂಡ ಅದುವರೆಗೆ ಒಂದೂವರೆ ವರ್ಷ ಕಾಲ ಸ್ಪರ್ಧಿಸಿಯೂ ಒಂದೇ ಒಂದು ಅಂಕವನ್ನು ಗಳಿಸಿರಲಿಲ್ಲ. ಅಂದು ಅದರ ಇಟಲಿಯ ಚಾಲಕ ಜಿಯಾನ್‌ಕಾರ್ಲೊ ಫಿಸಿಕೆಲ್ಲ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಓಟವನ್ನು ಆರಂಭಿಸಿದರು. ಐದನೆಯ ಸುತ್ತಿನಲ್ಲಿ ಫೆರಾರಿ ತಂಡದ ಕಿಮಿ ರಾಯ್ಕೊನೆನ್ ಅವರನ್ನು ದಾಟಿ ಮುಂದಾದರು. ಆಮೇಲೆ ಫಿಸಿಕೆಲ್ಲ ಎಷ್ಟು ಬೆನ್ನಟ್ಟಿದರೂ ಸಂದು ಸಿಗಲಿಲ್ಲ; ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಅವರು ಎರಡನೆಯವರಾಗಿ ಓಟವನ್ನು ಮುಗಿಸಿದರು. ವೇಗದಲ್ಲಿ ತಮ್ಮ ಕಾರೇ ಮೇಲಾಗಿತ್ತೆಂದು ಅವರು ಆಮೇಲೆ ಹೇಳಿದ್ದುಂಟು.

ವೇಗದಲ್ಲಿ ಮೇಲಾಗಿದ್ದರೆ ದಾಟಲು ಏಕೆ ಆಗಲಿಲ್ಲ? ಈ ಸರಳ ಪ್ರಶ್ನೆಯ ಒಳಗೆ ಇಂದಿನ ಮೋಟಾರು ಪಂದ್ಯದ ಮುಖ್ಯ ಸಮಸ್ಯೆಯೆಲ್ಲ ಅಡಗಿದೆ. ಉತ್ತರದಲ್ಲಿ ಎರಡು ಭಾಗಗಳಿವೆ. ಒಂದು, ಅಂದಿನ ನಿಯಮಪುಸ್ತಕದಲ್ಲಿ ಬರೆದಿದ್ದ ಒಂದು ಅವಕಾಶ. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟುಕೊಂಡು, ಒಂದು ಗುಂಡಿಯನ್ನೊತ್ತಿ, ಪ್ರತಿ ಸುತ್ತಿನಲ್ಲಿ ಸುಮಾರು ಆರೂವರೆ ಸೆಕೆಂಡುಗಳ ಕಾಲ 80 ಅಶ್ವಶಕ್ತಿಯಷ್ಟು ಹೆಚ್ಚಿನ ಬಲ ಪಡೆಯುವ ‘ಕೆರ್ಸ್’ ಎಂಬ ಉಪಕರಣವನ್ನು ಆ ವರ್ಷ ಬೇಕಾದವರು ಅಳವಡಿಸಿಕೊಳ್ಳಬಹುದಾಗಿತ್ತು. ಫೆರಾರಿ ಕಾರಿನಲ್ಲಿ ಅದಿತ್ತು. ಫೋರ್ಸ್ ಇಂಡಿಯಾ ಕಾರಿನಲ್ಲಿ ಇರಲಿಲ್ಲ. ಎರಡನೆಯದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲದ ನಿಯಮ. ಅದು ಗಾಳಿಯ ನಿಯಮ. ಮನುಷ್ಯ ಬರೆದ ನಿಯಮ, ಪ್ರಕೃತಿಯ ನಿಯಮ, ಇವೆರಡರ ನಡುವಣ ಜಗ್ಗಾಟದಲ್ಲಿ ನೋಡುವವರ ರೋಮಾಂಚ ಹೇಗೆ ಹೆಚ್ಚುತ್ತದೆ, ಹೇಗೆ ಕುಂದುತ್ತದೆ ಎಂಬುದನ್ನು ವಿಚಾರಿಸುವುದೇ ಇಂದಿನ ಮಾತಿನ ಉದ್ದೇಶ.

ಮೊದಲಿಗೆ ಆಟದ ನಿಯಮ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ನಮ್ಮ ಕರಾವಳಿಯ ಕಂಬಳವನ್ನು ತೆಗೆದುಕೊಳ್ಳಿ. ಹಗ್ಗ, ನೇಗಿಲು ಮುಂತಾದ ವಿಭಾಗಗಳಲ್ಲಿ ಮೊದಲು ಗುರಿ ಮುಟ್ಟಿದ ಕೋಣಗಳಿಗೆ ಗೆಲುವು. ಕನೆಹಲಗೆಯ ವಿಭಾಗದಲ್ಲಾದರೋ ವೇಗಕ್ಕೆ ಬೆಲೆಯಿಲ್ಲ. ಓಡಿಸುವವನು ನಿಂತ ಹಲಗೆಯ ತೂತುಗಳಿಂದ ಚಿಮ್ಮುವ ಕೆಸರುನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಅದೇ ಗದ್ದೆ, ಅದೇ ಕೋಣ, ಅದೇ ಕೆಸರು. ಅಳೆಯುವ ಕೋಲು ಬೇರೆಯಾದ ಕೂಡಲೆ ಆಟವೇ ಬೇರೆಯಾಯಿತು. ನಿಯಮವೆಂದರೆ ಬರಿಯ ಅಡ್ಡಿಯಲ್ಲ. ನಾವು ಯಾವ ಗುಣವನ್ನು ಕಾಣಬಯಸುತ್ತೇವೆ ಎಂಬುದರ ಘೋಷಣೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತೇನಲ್ಲ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ತೊರೆದು ಕವಿತೆ ಬರೆದಾಗ, ಕಟ್ಟು ಸಡಿಲಿದರೆ ಕಾವ್ಯ ಉಳಿದೀತೇ ಎಂದು ಶಂಕಿಸಿದವರಿದ್ದರು. ಅವರು ಪ್ರಾಸವನ್ನು ಬಿಟ್ಟರೇ ಹೊರತು ಛಂದಸ್ಸನ್ನು ಬಿಡಲಿಲ್ಲ. ಕವಿಯ ಶಕ್ತಿಯನ್ನು ಅಕ್ಷರ ಹುಡುಕುವುದರಲ್ಲೇ ವ್ಯಯಮಾಡಿಸುತ್ತಿದ್ದ ಒಂದು ಕಟ್ಟು ಹೋಯಿತು. ಲಯದ ಕಟ್ಟು ಉಳಿಯಿತು. ಯಾವ ನಿಯಮ ಕುಶಲಿಯ ನಿಜವಾದ ಕೌಶಲವನ್ನು ಬೆಳಕಿಗೆ ತರುತ್ತದೆ, ಯಾವುದು ಅದನ್ನು ಮರೆಮಾಡುತ್ತದೆ ಎಂಬ ವಿವೇಕವೇ ಇಂಥ ಸುಧಾರಣೆಯ ತಿರುಳು. ಮೋಟಾರು ಪಂದ್ಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ.

ಇನ್ನು ಗಾಳಿಯ ಮಾತು. ಬೆಂಗಳೂರಿನ ದಕ್ಷಿಣದಲ್ಲಿ ಪುಟ್ಟೇನಹಳ್ಳಿಯ ಕೆರೆಯೊಂದಿದೆ. ಸುತ್ತಣ ನಿವಾಸಿಗಳೇ ಮುಂದೆ ನಿಂತು ಉಳಿಸಿಕೊಂಡ ಆ ಕೆರೆಯ ದಡದಲ್ಲಿ ನಿಂತು, ನಾಮಕೋಳಿಯೊಂದು ಈಜುವುದನ್ನು ನೋಡಿ. ಅದರ ಮುಂದೆ ನೀರು ಕನ್ನಡಿಯಂತೆ ಸ್ತಬ್ಧ. ಹಿಂದೆ ಮಾತ್ರ ಅಲೆಗಳು ಇಬ್ಬದಿಗೂ ಸೀಳಿಕೊಂಡು ಹರಡುತ್ತವೆ. ಅದರ ಬೆನ್ನಿಗೇ ಮತ್ತೊಂದು ಹಕ್ಕಿ ಬಂದರೆ ಅದಕ್ಕೆ ದೊರೆಯುವುದು ಕಲಕಿದ ನೀರು. ಗಂಟೆಗೆ 250 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಗಾಳಿಯನ್ನು ಸೀಳುವ ರೀತಿಯೂ ಹೀಗೆಯೇ. ಮುಂದಿನವನಿಗೆ ತಿಳಿಗಾಳಿ; ಹಿಂದಿನವನಿಗೆ ಕಲಕಿದ ಗಾಳಿ.

ಈ ಕಲಕಿದ ಗಾಳಿ ನೇರಹಾದಿಯಲ್ಲಿ ಉಪಕಾರಿ. ಮುಂದಿನ ವಾಹನ ಗಾಳಿಯನ್ನು ತಾನೇ ಎದುರಿಸಿ ಹಿಂದಿನದಕ್ಕೆ ಮರೆಯಾಗುತ್ತದೆ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಸೈಕಲ್ಲು ತುಳಿದವರಿಗೆಲ್ಲ ಈ ಸುಖ ಗೊತ್ತು. ತಿರುವಿನಲ್ಲಿ ಅದೇ ಗಾಳಿ ಅಪಕಾರಿಯಾಗುತ್ತದೆ. ಪಂದ್ಯದ ಕಾರಿನ ಹಿಂದೆ ಮುಂದೆ ಇರುವ ರೆಕ್ಕೆಗಳು ವಿಮಾನದ ರೆಕ್ಕೆಯನ್ನು ಬೋರಲು ಹಾಕಿದಂಥವು. ವಿಮಾನದ ರೆಕ್ಕೆ ಮೇಲಕ್ಕೆ ಎತ್ತಿದರೆ, ಇವು ಕಾರನ್ನು ನೆಲಕ್ಕೆ ಒತ್ತುತ್ತವೆ. ಅತಿವೇಗದಲ್ಲಿ ಈ ಒತ್ತುಬಲ ಕಾರಿನ ತೂಕವನ್ನೂ ಮೀರುತ್ತದೆ. ಅದರಿಂದಲೇ ಟೈರುಗಳು ತಿರುವಿನಲ್ಲಿ ಜಾರದೆ ಹಿಡಿದುಕೊಳ್ಳುತ್ತವೆ. ತಿಳಿಗಾಳಿ ಸಿಕ್ಕದಿದ್ದರೆ ಒತ್ತುಬಲವಿಲ್ಲ, ಒತ್ತುಬಲವಿಲ್ಲದಿದ್ದರೆ ಹಿಡಿತವಿಲ್ಲ. 2021ರವರೆಗಿನ ಕಾರುಗಳು ಮುಂದಿನ ಕಾರಿನಿಂದ 20 ಮೀಟರು ದೂರದಲ್ಲಿರುವಾಗ ತಮ್ಮ ಒತ್ತುಬಲದಲ್ಲಿ ನೂರಕ್ಕೆ 35ರಷ್ಟನ್ನೂ, 10 ಮೀಟರಿನಲ್ಲಿ 46ರಷ್ಟನ್ನೂ ಕಳೆದುಕೊಳ್ಳುತ್ತಿದ್ದುವೆಂದು ಫಾರ್ಮುಲಾ ಒನ್ ಸಂಸ್ಥೆಯೇ ಲೆಕ್ಕ ಕೊಟ್ಟಿತು. ತಿರುವಿನಲ್ಲಿ ಹತ್ತಿರ ಸಾರಲಾಗದವನು ನೇರಹಾದಿಯಲ್ಲಿ ದಾಟುವುದೆಂತು?

ರೆಕ್ಕೆಗಳ ಪ್ರಭುತ್ವ ಇಷ್ಟಿಲ್ಲದ ಕಾಲದಲ್ಲಿ ನೋಟವೇ ಬೇರೆ ಇತ್ತು. 1971ರಲ್ಲಿ ಇಟಲಿಯ ಮೊಂಜಾದಲ್ಲಿ ಪೀಟರ್ ಗೆಥಿನ್ ಗೆದ್ದದ್ದು ಒಂದು ಸೆಕೆಂಡಿನ ನೂರರಲ್ಲಿ ಒಂದು ಭಾಗದ ಅಂತರದಿಂದ. ಮೊದಲ ಐವರೂ 0.61 ಸೆಕೆಂಡಿನೊಳಗೆ ಗುರಿ ಮುಟ್ಟಿದರು. ನೇರಹಾದಿಗಳೂ ವೇಗದ ತಿರುವುಗಳೂ ತುಂಬಿದ್ದ ಆ ಪಥದಲ್ಲಿ ಗಾಳಿಯ ಮರೆ ಎಲ್ಲರಿಗೂ ದಕ್ಕುತ್ತಿತ್ತು. ಆದರೆ ಆ ವೇಗ ಪ್ರಾಣಾಪಾಯದ ವೇಗವಾಗಿತ್ತು. ಮರುವರ್ಷವೇ ವೇಗ ತಗ್ಗಿಸುವ ಕಿರುತಿರುವುಗಳನ್ನು ಅಲ್ಲಿ ನಿರ್ಮಿಸಿದರು. ರೋಮಾಂಚವನ್ನು ಬಯಸುವವರು ಈ ಇನ್ನೊಂದು ಮುಖವನ್ನು ಮರೆಯುವಂತಿಲ್ಲ.

ಈ ರೋಗಕ್ಕೆ ನಿಯಮಕರ್ತರು ಈವರೆಗೆ ಮಾಡಿದ ಚಿಕಿತ್ಸೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹಿಂದಿನವನಿಗೆ ವರ ಕೊಡುವ ಬಗೆ. 2011ರಿಂದ 2025ರವರೆಗೆ ಜಾರಿಯಲ್ಲಿದ್ದ ಡಿ.ಆರ್.ಎಸ್. ಇದಕ್ಕೆ ಉದಾಹರಣೆ. ಕ್ರಿಕೆಟ್ಟಿನಲ್ಲಿ ಅಂಪೈರರ ತೀರ್ಪನ್ನು ಪ್ರಶ್ನಿಸುವ ಡಿ.ಆರ್.ಎಸ್. ಬೇರೆ; ಇದು ಬೇರೆ. ಮುಂದಿನವನಿಗಿಂತ ಒಂದು ಸೆಕೆಂಡಿನೊಳಗೆ ಹಿಂದಿರುವ ಚಾಲಕ, ಗೊತ್ತುಪಡಿಸಿದ ನೇರಹಾದಿಯಲ್ಲಿ ತನ್ನ ಹಿಂದಿನ ರೆಕ್ಕೆಯ ಪಟ್ಟಿಯೊಂದನ್ನು ತೆರೆದು ಗಾಳಿಯ ತಡೆಯನ್ನು ತಗ್ಗಿಸಿಕೊಳ್ಳಬಹುದು. ಮುಂದಿನವನಿಗೆ ಎದುರು ಉಪಾಯವಿಲ್ಲ. ದಾಟುವಿಕೆಗಳ ಸಂಖ್ಯೆ ಹೆಚ್ಚಿತು, ನಿಜ. ಆದರೆ ಗರಡಿಯಲ್ಲಿ ಒಬ್ಬ ಪೈಲ್ವಾನನ ಕೈಕಟ್ಟಿ ಇನ್ನೊಬ್ಬನನ್ನು ಮೇಲೆ ಬಿಟ್ಟರೆ ಮಣ್ಣು ಮುಕ್ಕಿಸುವುದು ಹೆಚ್ಚಾದೀತೇ ಹೊರತು ಕುಸ್ತಿಯ ಕಳೆ ಹೆಚ್ಚೀತೇ? ಅದೂ ಅಲ್ಲದೆ ಈ ವರ ಹತ್ತಿರ ಬಂದವನಿಗೆ ಮಾತ್ರ. 2011ರ ಅಕ್ಟೋಬರ್ 30ರಂದು ದೆಹಲಿಯ ಬಳಿಯ ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಗ್ರಾಂಡ್ ಪ್ರಿ ನಡೆದಾಗ ಎರಡು ನೇರಹಾದಿಗಳಲ್ಲಿ ಈ ಸೌಲಭ್ಯವಿತ್ತು. ಸೆಬಾಸ್ಟಿಯನ್ ವೆಟ್ಟೆಲ್ 60 ಸುತ್ತುಗಳಲ್ಲಿಯೂ ಮುಂದೆಯೇ ಇದ್ದು ಗೆದ್ದರು. ಅವರ ಸಮೀಪಕ್ಕೇ ಯಾರೂ ಬರದಿದ್ದ ಮೇಲೆ ರೆಕ್ಕೆ ತೆರೆದೇನು ಪ್ರಯೋಜನ?

ಎರಡನೆಯದು ಕಲಸುವ ಬಗೆ: ಸಾಲಿನ ಕ್ರಮವನ್ನೋ ಅಂಕಗಳ ಲೆಕ್ಕವನ್ನೋ ಕದಡಿ ಅನಿಶ್ಚಯವನ್ನು ಹುಟ್ಟಿಸುವುದು. 2014ರಲ್ಲಿ ಕೊನೆಯ ಪಂದ್ಯಕ್ಕೆ ಮಾತ್ರ ದುಪ್ಪಟ್ಟು ಅಂಕಗಳನ್ನಿಟ್ಟರು. ವರ್ಷವೆಲ್ಲ ದುಡಿದವನ ಗಳಿಕೆಯನ್ನು ಒಂದು ಸಂಜೆಯ ಜೂಜಿಗೆ ಒಡ್ಡುವುದು ಅನ್ಯಾಯವೆಂಬ ಕೂಗೆದ್ದು ಮರುವರ್ಷವೇ ಅದನ್ನು ಕೈಬಿಟ್ಟರು. 2016ರಲ್ಲಿ ಸ್ಥಾನನಿರ್ಣಯದ ಓಟಕ್ಕೆ ತಂದ ಹೊಸ ಪದ್ಧತಿ ಎರಡೇ ಪಂದ್ಯಗಳಲ್ಲಿ ಕಣ್ಮುಚ್ಚಿತು. 2025ರಲ್ಲಿ ಮೊನಾಕೊ ನಗರದ ಕಿರುಬೀದಿಗಳ ಪಂದ್ಯಕ್ಕೆಂದೇ, ಪ್ರತಿಯೊಬ್ಬ ಚಾಲಕನೂ ಎರಡು ಸಲ ನಿಂತು ಟೈರು ಬದಲಿಸಲೇಬೇಕೆಂಬ ಕಟ್ಟಳೆಯನ್ನು ಮಾಡಿದರು. ಫಲವೇನಾಯಿತು? ಕೆಲವು ತಂಡಗಳು ತಮ್ಮ ಇಬ್ಬರು ಚಾಲಕರಲ್ಲಿ ಒಬ್ಬನನ್ನು ಬೇಕೆಂದೇ ನಿಧಾನವಾಗಿ ಓಡಿಸಿ, ಹಿಂದಿನವರನ್ನೆಲ್ಲ ತಡೆದು, ಮುಂದಿದ್ದ ಜೊತೆಗಾರನಿಗೆ ನಿಂತು ಹೊರಡುವಷ್ಟು ಬಿಡುವು ಮಾಡಿಕೊಟ್ಟುವು. ವೇಗದ ಪಂದ್ಯದಲ್ಲಿ ನಿಧಾನವೇ ಜಾಣತನವಾಯಿತು.

ಅದೇ ವಾರಾಂತ್ಯದಲ್ಲಿ ಅದೇ ಬೀದಿಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಅವರು ಫಾರ್ಮುಲಾ ಟೂ ದರ್ಜೆಯ ಕಿರುಪಂದ್ಯವನ್ನು ಗೆದ್ದರು. ಆ ಕಿರುಪಂದ್ಯದ ನಿಯಮವೇ ವಿಚಿತ್ರ: ಸ್ಥಾನನಿರ್ಣಯದಲ್ಲಿ ಮೊದಲ ಹತ್ತು ಮಂದಿಯ ಸಾಲನ್ನು ತಿರುಗುಮುರುಗು ಮಾಡಿ, ಹತ್ತನೆಯವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ. ಹೀಗೆ ಮುಂದಿನ ಸ್ಥಾನ ಪಡೆದ ಮೈನಿ ಅದನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಗೋಡೆಗಳ ನಡುವಣ ಆ ಹಾದಿಯಲ್ಲಿ ಒತ್ತಡದಲ್ಲಿಯೂ ತಪ್ಪದೆ ಓಡಿಸಿದ ಅವರ ಸಾಧನೆ ಕಡಿಮೆಯದಲ್ಲ. ಕನ್ನಡನಾಡು ಹೆಮ್ಮೆ ಪಡಬೇಕಾದದ್ದೇ. ನಿಯಮವನ್ನು ಮಾತ್ರ ಬೇರೆಯಾಗಿ ತೂಗಬೇಕು. ಸಾಲು ತಲೆಕೆಳಗಾದರೂ ದಾಟುವುದು ಸುಲಭವಾಗಲಿಲ್ಲ. ಮುಂದೆ ನಿಲ್ಲುವ ವ್ಯಕ್ತಿ ಬದಲಾದನು, ಅಷ್ಟೆ. ಕಲಿಯುವ ದರ್ಜೆಯಲ್ಲಿ ಎಳೆಯ ಚಾಲಕರಿಗೆ ಹೀಗೊಂದು ಅವಕಾಶ ಸಿಕ್ಕುವುದು ಒಳ್ಳೆಯದೇ. ಅತ್ಯುನ್ನತ ದರ್ಜೆಯಲ್ಲಿಯೂ ಇದನ್ನೇ ತಂದರೆ, ಮೊದಲನೆಯವನಾಗುವುದೇ ದಂಡನೆಯಾದೀತು.

ಮೂರನೆಯದು ಮೂಲಕ್ಕೇ ಕೈಹಾಕುವ ಬಗೆ. 1970ರ ದಶಕದ ಕೊನೆಯಲ್ಲಿ ಲೋಟಸ್ ತಂಡದ ಕಾಲಿನ್ ಚಾಪ್ಮನ್ ಅವರು, ಕಾರಿನ ಹೊಟ್ಟೆಯ ಕೆಳಗೆ ಹರಿಯುವ ಗಾಳಿಯಿಂದಲೇ ಒತ್ತುಬಲ ಹುಟ್ಟುವಂತೆ ಮಾಡಿದ್ದರು. ವೇಗ ಮಿತಿಮೀರಿದ್ದರಿಂದ 1983ರಲ್ಲಿ ಅಡಿ ಚಪ್ಪಟೆಯಾಗಿರಬೇಕೆಂದು ವಿಧಿಸಿ ಅದಕ್ಕೆ ತಡೆಹಾಕಿದರು. ನಾಲ್ಕು ದಶಕಗಳ ಅನಂತರ, 2022ರಲ್ಲಿ, ಬೇರೆ ಉದ್ದೇಶದಿಂದ ಅದೇ ತತ್ತ್ವವನ್ನು ಮರಳಿ ತಂದರು. ಹೊಟ್ಟೆಯ ಕೆಳಗಣ ಗಾಳಿಯನ್ನು ನೆಚ್ಚಿದ ಕಾರು ಮೇಲಿನ ಗಾಳಿ ಕಲಕಿದ್ದರೂ ಅಷ್ಟಾಗಿ ಕಂಗೆಡುವುದಿಲ್ಲ. ಹೊಸ ವಿನ್ಯಾಸದಲ್ಲಿ ಒತ್ತುಬಲದ ನಷ್ಟ 20 ಮೀಟರಿನಲ್ಲಿ ನೂರಕ್ಕೆ 4, 10 ಮೀಟರಿನಲ್ಲಿ 18 ಎಂದು ಅಂದಾಜು ಮಾಡಿದ್ದರು. ಪಥ್ಯ ಸರಿಯಾಗಿಯೇ ಇತ್ತು. ಆದರೆ ತಂಡಗಳ ವಿನ್ಯಾಸಕಾರರು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವಂಥವರು. ವರ್ಷ ವರ್ಷಕ್ಕೂ ತಮ್ಮ ಕಾರಿನ ವೇಗಕ್ಕಾಗಿ ಗಾಳಿಯನ್ನು ಮತ್ತೆ ಹೊರಕ್ಕೆ ಚೆಲ್ಲುವ ದಾರಿಗಳನ್ನು ಕಂಡುಹಿಡಿದರು. ಹಿಂಬಾಲಿಸುವುದು ಪುನಃ ಕಷ್ಟವಾಯಿತು.

2026ರಿಂದ ಜಾರಿಗೆ ಬಂದ ನಿಯಮಾವಳಿಯಲ್ಲಿ ಈ ಬಗೆಗಳೆಲ್ಲ ಬೆರೆತಿವೆ. 2009ರಲ್ಲಿ ಚಾಲಕನೂ ಸೇರಿದಂತೆ ಕಾರಿನ ಕನಿಷ್ಠ ತೂಕ 605 ಕಿಲೋ ಇದ್ದದ್ದು 2025ರ ಹೊತ್ತಿಗೆ 800 ಕಿಲೋಗೆ ಏರಿತ್ತು. ಈಗ ಅದನ್ನು 768ಕ್ಕೆ ಇಳಿಸಿದ್ದಾರೆ. ಎರಡು ಮೀಟರು ಅಗಲದ ಕಾರು ಹತ್ತು ಸೆಂಟಿಮೀಟರು ಕಿರಿದಾಗಿದೆ. ಡಿ.ಆರ್.ಎಸ್. ಹೋಗಿದೆ, ನೇರಹಾದಿಯಲ್ಲಿ ಎಲ್ಲರ ರೆಕ್ಕೆಗಳೂ ಸಡಿಲುತ್ತವೆ. ಅದಕ್ಕೆ ಬದಲಾಗಿ, ಒಂದು ಸೆಕೆಂಡಿನೊಳಗೆ ಹಿಂದಿರುವವನಿಗೆ ಹೆಚ್ಚಿನ ವಿದ್ಯುಚ್ಛಕ್ತಿಯನ್ನು ಬಳಸುವ ಅನುಮತಿಯಿದೆ. ಸ್ಪಾದಲ್ಲಿ ಕೊಂಡುಕೊಂಡವನಿಗೆ ಒದಗಿದ ಬಲ ಈಗ ಹಿಂದುಳಿದವನಿಗೆ ಒದಗುತ್ತದೆ. ಎಲ್ಲಿ, ಯಾವಾಗ ಶಕ್ತಿಯನ್ನು ಉಳಿಸಬೇಕು, ಯಾವಾಗ ಖರ್ಚು ಮಾಡಬೇಕೆಂಬ ಲೆಕ್ಕಾಚಾರ ಇಬ್ಬರಿಗೂ ಇರುವುದರಿಂದ ಇದು ರೆಕ್ಕೆ ತೆರೆಯುವ ವರಕ್ಕಿಂತ ಮೇಲು. ಆದರೂ ವರ ವರವೇ.

ರೋಮಾಂಚಕ್ಕಾಗಿ ಮಾಡಿದ ನಿಯಮ ಎಂಥ ಅನರ್ಥಕ್ಕೆ ಎಡೆಗೊಡಬಹುದೆಂಬುದಕ್ಕೂ ನಿದರ್ಶನಗಳಿವೆ. ಓಟದ ನಡುವೆ ಪೆಟ್ರೋಲು ತುಂಬುವುದನ್ನು 1984ರಲ್ಲಿ ನಿಷೇಧಿಸಿದ್ದರು. ನೋಟಕ್ಕೆ ಕಳೆಯೇರುತ್ತದೆಂದು 1994ರಲ್ಲಿ ಅದನ್ನು ಮರಳಿ ತಂದರು. ಆ ವರ್ಷದ ಜುಲೈಯಲ್ಲಿ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಯೋಸ್ ವೆರ್ಸ್ಟಾಪೆನ್ ಅವರ ಕಾರಿಗೆ ಇಂಧನ ತುಂಬುತ್ತಿದ್ದಾಗ ಬೆಂಕಿ ಭುಗಿಲೆದ್ದಿತು. ಚಾಲಕನೂ ಕೆಲಸಗಾರರೂ ಸುಟ್ಟಗಾಯಗಳಿಂದ ಪಾರಾದದ್ದು ಪುಣ್ಯ. 2010ರಲ್ಲಿ ಆ ಪದ್ಧತಿಯನ್ನು ಮತ್ತೆ ನಿಲ್ಲಿಸಿದರು.

2005ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು: ಓಟವೆಲ್ಲ ಒಂದೇ ಜೊತೆ ಟೈರುಗಳಲ್ಲಿ ಮುಗಿಯಬೇಕು. ಅಮೆರಿಕದ ಇಂಡಿಯಾನಾಪೊಲಿಸ್ಸಿನ ವೇಗದ ತಿರುವಿನಲ್ಲಿ ಮಿಶೆಲಿನ್ ಕಂಪೆನಿಯ ಟೈರುಗಳು ಆ ಭಾರವನ್ನು ತಾಳಲಾರವೆಂದು ಕಂಡುಬಂದಿತು. ನಿಯಮವೂ ಸಡಿಲಲಿಲ್ಲ, ಪಥವೂ ಬದಲಾಗಲಿಲ್ಲ. ಹದಿನಾಲ್ಕು ಕಾರುಗಳು ಓಟ ಆರಂಭವಾಗುವ ಮುನ್ನವೇ ಹಿಂದೆಗೆದುವು. ಓಡಿದ್ದು ಆರೇ ಕಾರುಗಳು. ಜೋರ್ಡನ್ ತಂಡದ ಕಾರಿನಲ್ಲಿದ್ದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅಂದು ನಾಲ್ಕನೆಯವರಾಗಿ ಐದು ಅಂಕಗಳನ್ನು ಪಡೆದರು. ಭಾರತೀಯನೊಬ್ಬ ಫಾರ್ಮುಲಾ ಒನ್‌ನಲ್ಲಿ ಗಳಿಸಿದ ಮೊದಲ ಅಂಕಗಳು ಅವು. ಅದೇ ಜೋರ್ಡನ್ ತಂಡ ಎರಡು ಸಲ ಕೈಬದಲಾಗಿ 2008ರಲ್ಲಿ ಫೋರ್ಸ್ ಇಂಡಿಯಾ ಆದದ್ದು. ಹಣ ಕೊಟ್ಟು ಬಂದು ಆರು ಕಾರುಗಳನ್ನು ನೋಡಿದ ಜನ ಆಕ್ರೋಶಗೊಂಡರು. ಗೆಲುವಿಗೂ ಗೌರವಕ್ಕೂ ನಡುವೆ ನಿಯಮ ಹೇಗೆ ಬಿರುಕು ತರಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಸಂಗ ಸಿಗದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಮಾತು, ಬದಲಾವಣೆ ವಿರಳವಾಗಿರಬೇಕು. ಇದು ಜಡತ್ವದ ಮಾತಲ್ಲ. ಅಂಕಿಗಳೇ ಹೇಳುವ ಮಾತು. 2014ರಲ್ಲಿ ಎಂಜಿನ್ನಿನ ನಿಯಮಗಳು ಪೂರ್ತಿಯಾಗಿ ಬದಲಾದಾಗ ಮರ್ಸಿಡಿಸ್ ತಂಡವೊಂದೇ 19ರಲ್ಲಿ 16 ಪಂದ್ಯಗಳನ್ನು ಗೆದ್ದಿತು. 2022ರ ನಿಯಮಗಳ ಎರಡನೆಯ ವರ್ಷದಲ್ಲಿ ರೆಡ್ ಬುಲ್ ತಂಡ 22ರಲ್ಲಿ 21ನ್ನು ಗೆದ್ದಿತು. ಆದರೆ ಅದೇ ನಿಯಮಗಳು ಮುಂದುವರಿದ 2024ರಲ್ಲಿ ನಾಲ್ಕು ತಂಡಗಳ ಏಳು ಚಾಲಕರು ಗೆಲುವನ್ನು ಹಂಚಿಕೊಂಡರು. ಹೊಸ ನಿಯಮ ಬಂದಾಗ ಅದರ ಮರ್ಮವನ್ನು ಮೊದಲು ಕಂಡವನು ಓಡಿಬಿಡುತ್ತಾನೆ. ಉಳಿದವರು ಕಲಿತು ಹತ್ತಿರ ಬರಲು ಕಾಲ ಬೇಕು. ಹತ್ತಿರ ಬಂದ ಹೊತ್ತಿಗೆ ಮತ್ತೆ ನಿಯಮ ಬದಲಿಸಿದರೆ ಕಾಯಿ ಹಣ್ಣಾಗುವ ಮೊದಲೇ ಮರ ಕಡಿದಂತೆ.

ಎರಡನೆಯದಾಗಿ, ಸಮತೆಯನ್ನು ಪಥದ ಮೇಲಲ್ಲ, ಕಾರ್ಖಾನೆಯಲ್ಲಿ ತರಬೇಕು. ಈ ದಿಕ್ಕಿನಲ್ಲಿ ಎರಡು ಒಳ್ಳೆಯ ಹೆಜ್ಜೆಗಳು 2021ರಲ್ಲಿ ಮೊದಲಾದುವು. ತಂಡಗಳ ವಾರ್ಷಿಕ ಖರ್ಚಿಗೆ ಮಿತಿ ಬಂದಿತು. ಕಾರಿನ ಮಾದರಿಯನ್ನು ಗಾಳಿಯಲ್ಲಿ ಪರೀಕ್ಷಿಸುವ ಸಮಯವನ್ನು ಗೆದ್ದವರಿಗೆ ಕಡಿಮೆ, ಸೋತವರಿಗೆ ಹೆಚ್ಚು ಹಂಚಿದರು. ಮುಂದಿನ ವರ್ಷದಿಂದ ಮೊದಲ ತಂಡಕ್ಕೆ ನಿಗದಿಯ ನೂರಕ್ಕೆ 70, ಹತ್ತನೆಯದಕ್ಕೆ 115 ಎಂದಾಯಿತು. ಸೋತವನಿಗೆ ಇಲ್ಲಿ ಗೆಲುವನ್ನು ದಾನ ಮಾಡಿಲ್ಲ. ಓದಿಕೊಳ್ಳಲು ಇನ್ನಷ್ಟು ದೀಪದೆಣ್ಣೆ ಕೊಟ್ಟಿದೆ. ಪರೀಕ್ಷೆ ಎಲ್ಲರಿಗೂ ಒಂದೇ.

ಮೂರನೆಯದಾಗಿ, ಕಾರಿನ ವಿನ್ಯಾಸದ ನಿಯಮವನ್ನು ಹಿಂದಿನವನ ಕಣ್ಣಿನಿಂದ ಬರೆಯಬೇಕು. ರೆಕ್ಕೆ ಇಷ್ಟು ಅಗಲ, ಅಷ್ಟು ಎತ್ತರ ಎಂದು ಅಳತೆ ಹೇಳಿದಷ್ಟೂ ಜಾಣರು ಸಂದು ಹುಡುಕುತ್ತಾರೆ. ಅದಕ್ಕೆ ಬದಲು, ಕಾರು ತನ್ನ ಹಿಂದೆ ಗಾಳಿಯನ್ನು ಎಷ್ಟು ಕಲಕಬಹುದು ಎಂಬುದಕ್ಕೇ ಮಿತಿ ಹಾಕಿ ಅದನ್ನು ಪರೀಕ್ಷಿಸುವುದು ಮೇಲು. ಊರ ಕಾಲುವೆಯಲ್ಲಿ ಮೇಲಿನ ಗದ್ದೆಯವನು ತನಗೆ ಬೇಕಾದ ನೀರನ್ನು ಬಳಸಲಿ. ಕೆಳಗಿನವನಿಗೆ ರಾಡಿಯನ್ನು ಬಿಡಬಾರದು ಎಂಬ ಹಳೆಯ ನ್ಯಾಯವೇ ಇದು. ಇದರ ಜೊತೆಗೆ ಬ್ರೇಕಿನ ಸಾಮರ್ಥ್ಯವನ್ನೂ ಸ್ವಲ್ಪ ತಗ್ಗಿಸಬಹುದು. ಗಂಟೆಗೆ 300 ಕಿಲೋಮೀಟರು ವೇಗದ ಕಾರು ಇಂದು ನೂರು ಮೀಟರಿನ ಆಸುಪಾಸಿನಲ್ಲೇ ತಿರುವಿನ ವೇಗಕ್ಕೆ ಇಳಿಯುತ್ತದೆ. ಮುಂಚೆ ಒತ್ತಲೋ, ತಡೆದು ಒತ್ತಲೋ ಎಂಬ ಆ ಕ್ಷಣದ ನಿರ್ಧಾರದಲ್ಲಿಯೇ ಚಾಲಕನ ಎದೆಗಾರಿಕೆ ಕಾಣುವುದು. ಆ ದೂರ ಹೆಚ್ಚಿದರೆ ಧೈರ್ಯಕ್ಕೂ ತಪ್ಪಿಗೂ ಎಡೆ ಹೆಚ್ಚುತ್ತದೆ.

ಪಂದ್ಯದ ಉದ್ದವನ್ನೇ ಕಿರಿದು ಮಾಡಬೇಕೆನ್ನುವವರೂ ಇದ್ದಾರೆ. 2021ರಿಂದ ಕೆಲವು ವಾರಾಂತ್ಯಗಳಲ್ಲಿ ಸುಮಾರು 100 ಕಿಲೋಮೀಟರಿನ ಕಿರುಪಂದ್ಯ ಸೇರಿದೆ. ಮುಖ್ಯ ಪಂದ್ಯ ಸಾಮಾನ್ಯವಾಗಿ 305 ಕಿಲೋಮೀಟರು. ಯಕ್ಷಗಾನವೂ ಇಡೀ ರಾತ್ರಿಯಿಂದ ಕಾಲಮಿತಿಗೆ ಬಂದಾಗ ಇಂಥದೇ ಚರ್ಚೆ ನಡೆಯಿತು. ಕಾಲ ಕಿರಿದಾದರೂ ಪಾತ್ರ ಬೆಳೆಯಲು ಎಡೆ ಉಳಿಯಬೇಕಲ್ಲವೇ? ಸವೆಯುವ ಟೈರು, ತಗ್ಗುವ ಇಂಧನ, ದಣಿಯುವ ಮೈ, ಇವುಗಳ ನಡುವೆ ಚಾಲಕ ತನ್ನನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು ಉದ್ದದ ಓಟದಲ್ಲಷ್ಟೇ ಕಾಣುವ ಗುಣ.

ಇಷ್ಟೆಲ್ಲದರಿಂದ ಹೊರಡುವ ಅಳತೆಗೋಲು ಒಂದೇ. ಹೋರಾಟಕ್ಕೆ ಎಡೆ ಮಾಡಿಕೊಡುವ ನಿಯಮ ಒಳ್ಳೆಯದು. ಹೋರಾಟದ ಫಲವನ್ನೇ ಹಂಚುವ ನಿಯಮ ಕೆಟ್ಟದು. ದಾಟುವಿಕೆಗಳ ಸಂಖ್ಯೆಯಿಂದ ರೋಮಾಂಚ ಹುಟ್ಟುವುದಿಲ್ಲ. ದಾಟಬಹುದು, ಆದರೆ ಸುಲಭವಲ್ಲ ಎಂಬ ಸಂಶಯ ಕೊನೆಯ ಸುತ್ತಿನವರೆಗೆ ಜೀವಂತವಾಗಿರುವುದರಿಂದ ಅದು ಹುಟ್ಟುತ್ತದೆ. ಮುಂದಿರುವವನು ತಾನು ಕಾಪಾಡಿಕೊಳ್ಳಬಲ್ಲೆನೆಂದು ನಂಬಬೇಕು. ಹಿಂದಿರುವವನು ತಾನು ದಾಟಬಲ್ಲೆನೆಂದು ನಂಬಬೇಕು. ಈ ಎರಡು ನಂಬಿಕೆಗಳಲ್ಲಿ ಒಂದನ್ನೂ ನಿಯಮ ಮೊದಲೇ ಸುಳ್ಳು ಮಾಡಬಾರದು. ತೀರ್ಪು ಪಥದ ಮೇಲೆ ಆಗಲಿ.